ಹೆಗಲ ಮೇಲಿನ ಕೈ

ಮೊದಲು ನಡುವನ್ನು ಅಳಿಸಬೇಕು,
ಚೌಕಟ್ಟೆಂದರೆ ಅಷ್ಟೇ, ಹುಡುಗಾ.
ಎಂಟಕ್ಕೆ ಹನ್ನೆರಡರ ಹೊಸ ಹಾಳೆ ತೆಗೆ,
ಬೇಕಾದ ಬಣ್ಣ ಸುರಿ, ಒಳಗೊಂದು ಗೆರೆ ಎಳೆ,
ಗೆರೆ ಇರುವೆಸಾಲಿನಂತೆ ಹರಿದಾಡುವಾಗ
ಡಿಲೀಟ್ ಒತ್ತು.
ಬೂದಿ ಬಿಳಿ, ಬೂದಿ ಬಿಳಿ, ಚೌಕಳಿ ಮೂಡಿತಲ್ಲ,
ಅದು ಚೌಕಳಿಯಲ್ಲ, ಏನೂ ಇಲ್ಲ ಅಂತ ಅರ್ಥ.
ಏನೂ ಇಲ್ಲದ್ದನ್ನು ತೋರಿಸಲಿಕ್ಕೂ
ಈ ಯಂತ್ರಕ್ಕೆ ಏನಾದರೊಂದು ಬೇಕು.

ತೀನ್ ಕಂದೀಲಿನ ಹಿಂದಿನ ಗಲ್ಲಿ, ಮೇ ತಿಂಗಳು,
ಕೂಲರಿನೊಳಗಿನ ನೀರೂ ಬಿಸಿ.
ಹೊಸ ಹುಡುಗ ಸೈದಪ್ಪನಿಗೆ ಹೀಗೆ ಪಾಠ ಹೇಳುತ್ತಿದ್ದಾಗ
ತಾಯಣ್ಣ ಬಂದ. ಗಂಜಿನ ಹಮಾಲ,
ಹುಬ್ಬಿಗೆ ಹತ್ತಿಯ ಎಳೆ ಅಂಟಿತ್ತು.
ಜೇಬಿನಿಂದ ಚೀಲ, ಚೀಲದಿಂದ ಪೇಪರು,
ಪೇಪರಿನ ಮಡಿಕೆಯಿಂದ ಒಂದು ಫೋಟೋ ತೆಗೆದ:
ಶಾಲೆಯ ಅಡುಗೆಮನೆಯ ಮುಂದೆ ಐದು ಜನ ಹೆಂಗಸರು,
ಬಿಸಿಲಿಗೆ ಹತ್ತು ಕಣ್ಣೂ ಕಿರಿದು.

"ಎಡಕ್ಕಿಂದ ಎರಡನೇದಾಕಿ ನಮ್ಮಕ್ಕ, ನರಸಮ್ಮ.
ಈ ತಿಂಗಳಿಗೆ ಅರವತ್ತು ತುಂಬತಾವ, ಕೆಲಸ ಬಿಡತಾಳ.
ಆಕಿ ಒಬ್ಬಾಕಿನ್ನ ತಗದು
ಸುತ್ತ ಛಂದನ್ನ ಫ್ರೇಮ್ ಹಾಕಿ ಕೊಡ್ರಿ.
ಆಧಾರ್ ಕಾರ್ಡ್ ಬಿಟ್ರ ಆಕಿದೊಂದು ಫೋಟೋ ಇಲ್ಲ ಮನ್ಯಾಗ,
ಅದರಾಗ ನೋಡಿದ್ರ
ಯಾರಿಗೋ ಬೈಯಾಕ ಹೊಂಟಂಗ ಕಾಣತಾಳ."

ಸ್ಕ್ಯಾನ್ ಮಾಡಿದೆ. ಹಿಗ್ಗಿಸಿದೆ.
ನರಸಮ್ಮನ ಅಂಚು ಹಿಡಿದು ಚುಕ್ಕೆ ಚುಕ್ಕೆ ಹೋದೆ,
ಕೂದಲು, ಕಿವಿ, ಓಲೆ, ಕುತ್ತಿಗೆ, ಅಲ್ಲಿಂದ ಹೆಗಲು.
ಹೆಗಲ ಮೇಲೆ ಕೈ.

ನಾಲ್ಕು ಬೆರಳು, ಹಸಿರು ಬಳೆ,
ಹೆಬ್ಬೆರಳ ಬುಡಕ್ಕೆ ಸುಟ್ಟ ಕಲೆ.
ಆ ಕೈಯ ಒಡತಿಯನ್ನು ಆಗಲೇ ಅಳಿಸಿದ್ದೆ,
ಆಕೆ ನಿಂತಿದ್ದಲ್ಲಿ ಚೌಕಳಿ.

ಇದೇನು ದೊಡ್ಡ ಕೆಲಸವಲ್ಲ.
ಇನ್ನೊಂದು ಹೆಗಲಿನ ಸೀರೆ ಕದ್ದು ತಂದು ಇಲ್ಲಿ ಹಚ್ಚಿದೆ,
ಹೂವಿನ ಅಚ್ಚು ತಿರುವುಮುರುವಾಯಿತು.
ಮತ್ತೆ ಹಚ್ಚಿದೆ, ಹೆಗಲೇ ಒಂದಿಷ್ಟು ಇಳಿದುಹೋಯಿತು,
ಯಾರೋ ಈಗಷ್ಟೇ ಕೈ ತೆಗೆದಂತೆ.
ಕೊನೆಗೆ ಚೌಕಟ್ಟನ್ನೇ ಆ ಮೂಲೆಯಲ್ಲಿ ದಪ್ಪ ಮಾಡಿ
ಮಲ್ಲಿಗೆ ಬಳ್ಳಿಯೊಂದನ್ನು ಇಳಿಬಿಟ್ಟೆ.
ಬಳ್ಳಿಯ ಕೆಳಗಿಂದ ಬಳೆ ಇಣುಕಿತು.

ಸೈದಪ್ಪ ನಕ್ಕ. ನಾನು ನಗಲಿಲ್ಲ.
ಕಟ್ಟಿಗೆಯ ಫ್ರೇಮಿನ ಕಾಲದವನು ನಾನು,
ಸಣ್ಣ ಮೊಳೆ ತುಟಿಯಲ್ಲಿ ಕಚ್ಚಿಕೊಂಡೇ ದರ ಹೇಳುತ್ತಿದ್ದೆ.
ಆಗ ಹೆಚ್ಚಾದದ್ದು ಅಂಚಿನ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು,
ಯಾರದೋ ಮೊಣಕೈ, ಯಾರದೋ ಚಪ್ಪಲಿ,
ರಟ್ಟಿಗೂ ಗಾಜಿಗೂ ನಡುವೆ ಕತ್ತಲಲ್ಲಿ
ಇದ್ದೇ ಇರುತ್ತಿತ್ತು.

ತಾಯಣ್ಣ ಸ್ಟೂಲು ಎಳೆದು ಪರದೆಯ ಹತ್ತಿರ ಕೂತ.
"ಅದು ಈರಮ್ಮನ ಕೈರಿ.
ಹದಿನಾರು ವರ್ಷ ಇಬ್ಬರೂ ಒಂದ ಹಂಡೇದಾಗ ಸಾರು ತಿರುವ್ಯಾರ.
ಕುದಿಯೋ ಹಂಡೆ ಒಬ್ಬರಿಂದ ಇಳಸಾಕ ಆಗಂಗಿಲ್ಲಲ್ರಿ."
ಸುಮ್ಮನಾದ. ಹುಬ್ಬಿನ ಹತ್ತಿ ತೆಗೆದ. ಆಮೇಲೆ,
"ಇರಲಿ ಬಿಡ್ರಿ. ಅಕ್ಕಗೇನು ಅದು ಭಾರ ಆಗಿಲ್ಲ."

ಹಿಂದಕ್ಕೆ ಹೋದೆ, ಒಂದೊಂದೇ ಹೆಜ್ಜೆ.
ಬಳ್ಳಿ ಹೋಯಿತು, ಕದ್ದ ಸೀರೆ ಹೋಯಿತು,
ಮೊಣಕೈವರೆಗೆ ಈರಮ್ಮ ಮರಳಿ ಬಂದಳು.
ಆ ಕೈಯನ್ನು ಬೇರೆ ಪದರಕ್ಕೆ ಎತ್ತಿಕೊಂಡು
ಪದರಗಳ ಪಟ್ಟಿಯಲ್ಲಿ
ಚೌಕಟ್ಟಿಗಿಂತ ಮೇಲೆ ಎಳೆದು ಬಿಟ್ಟೆ.

ಈಗ ನೋಡು, ಸೈದಪ್ಪ:
ನಡುವೆ ನರಸಮ್ಮ, ಸುತ್ತ ಕೆಂಪು ಅಂಚು, ಜರಿಯ ಗೆರೆ,
ಅಂಚನ್ನು ದಾಟಿ ಹೊರಗಿನಿಂದ ಒಂದು ಕೈ,
ಕಿಟಕಿಯಲ್ಲಿ ಕೂತವಳ ಹೆಗಲಿಗೆ
ಅಂಗಳದವಳು ಬಂದು ಇಟ್ಟಂತೆ.
ಮೊಣಕೈಯಾಚೆ ಬರೀ ಹಾಳೆ.

ನಮ್ಮ ಕೋಟೆಯ ಗೋಡೆಯಲ್ಲೊಂದು ಉದ್ದನೆಯ ಕಲ್ಲಿದೆ,
ಅದನ್ನು ಎಳೆದು ತಂದ ಬಂಡಿಯನ್ನೂ ಕೋಣಗಳನ್ನೂ
ಯಾವನೋ ಅಲ್ಲೇ ಗೀಚಿಟ್ಟಿದ್ದಾನೆ.
ಅಂಚು ಹಾಕಿಲ್ಲ.
ಹಾಕಿದ್ದರೆ ಯಾವ ಕೋಣವನ್ನು ಹೊರಗೆ ಬಿಡುತ್ತಿದ್ದನೋ.

ತಾಯಣ್ಣ ಎರಡು ಪ್ರತಿ ಕೇಳಿದ.
ಒಂದರ ರೊಕ್ಕ ಈಗ,
ಇನ್ನೊಂದರದು ಈರಮ್ಮನ್ನ ಕೇಳಿ
ಶನಿವಾರ.