ಅರವತ್ತೊಂಬತ್ತು

ನನ್ನ ಕೈಯಲ್ಲಿ ಸ್ಟಾಪ್‌ವಾಚು.
ಅವನ ಮುಂದೆ ಕೆಂಪು ಬಿಳಿ ಘನಗಳು, ಒಂಬತ್ತು.
ಚಿತ್ರದಲ್ಲಿರುವಂತೆ ಜೋಡಿಸು ಅಂದೆ.
ಜಬೀವುಲ್ಲಾ ಒಂದನ್ನೆತ್ತಿ ಮೂಸಿದ.
‘ಹೊಸಾ ಬಣ್ಣ’ ಅಂದ.
ಅಷ್ಟರಲ್ಲಿ ಹೊತ್ತು ಮುಗಿದಿತ್ತು.

ಬಂದದ್ದು ಅರವತ್ತೊಂಬತ್ತು.
ಎಪ್ಪತ್ತಾಗಿದ್ದರೆ ಬೇರೆ ಕಾಲಂ, ಬೇರೆ ಹುಡುಗ.

ಸಹಿಗೆಂದು ಹೋದೆ, ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿಗೆ.
ಹೊಟ್ಟಿನ ಹೊಗೆ, ಕಣ್ಣಲ್ಲಿ ನೀರು.
ಬಾಣಲೆಯೆದುರು ಅವನೇ, ಕಿವಿ ವಾಲಿಸಿ:
‘ಈಗ್ಲೇ ಹಾಕಬ್ಯಾಡಮ್ಮಾ, ಮರಳು ಇನ್ನಾ ಮಾತಾಡಿಲ್ಲ.’
ಶಂಶಾದಬಿ ಮೊರ ಹಿಡಿದೇ ನಿಂತಳು.
ನಾನೂ ನಿಂತೆ. ಎಷ್ಟು ಹೊತ್ತೋ,
ವಾಚು ಚೀಲದಲ್ಲಿತ್ತು.
‘ಹ್ಞಾಂ’ ಅಂದ.
ಅಕ್ಕಿ ಬಿತ್ತು, ಚಟಪಟ ಅಂತು,
ಕಣ್ಣೊರೆಸುವುದರೊಳಗೆ ಜರಡಿ ತುಂಬ ಬೆಳ್ಳಗೆ;
ಒಂದೂ ಕರಿಕಿಲ್ಲ.

ಇದನ್ನು ಯಾವ ಕಾಲಮ್ಮಿಗೆ ಬರೆಯಲಿ?

ಆದರೆ ಅದೇ ಹುಡುಗ
ಎರಡು ಸೇರು ಅಳೆದು, ನೂರರ ನೋಟಿಗೆ
ನೂರಿಪ್ಪತ್ತು ಚಿಲ್ಲರೆ ಕೊಟ್ಟದ್ದನ್ನೂ ಕಂಡೆ,
ಗಿರಾಕಿ ಸದ್ದಿಲ್ಲದೆ ಸೈಕಲ್ ಹತ್ತಿದ್ದನ್ನೂ.

‘ಒಂದ್ ನಂಬರ್ ಹೆಚ್ಚಾಗಿದ್ರೆ ಪಿಂಚಣಿ ತಪ್ತಿತ್ತೇನ್ರೀ?’
ಹೌದು ಅಂದೆ.
‘ಹಂಗಾದ್ರೆ ಛಲೋ ಮಾಡ್ಯಾನ ಬಿಡ್ರಿ’
ಅಂತ ಹೆಬ್ಬೆಟ್ಟೊತ್ತಿದಳು;
ಬಿಸಿಗೆ ಗೆರೆ ಸವೆದ ಬೆರಳು,
ಕಾಗದದ ಮೇಲೆ ಬರೀ ಒಂದು ನೀಲಿ ಮಚ್ಚೆ.

ರಾತ್ರಿ ಡಬ್ಬಿ ತೆಗೆದು
ಘನವೊಂದನ್ನು ಮೂಗಿಗೆ ಹಿಡಿದೆ.
ಹೌದು, ಹೊಸ ಬಣ್ಣ.
ಹೋದ ತಿಂಗಳೇ ಬದಲಾಯಿಸಿದರಂತೆ, ಕಚೇರಿಯಲ್ಲಿ ಕೇಳಿದಾಗ ಅಂದರು.
ಹನ್ನೊಂದು ವರ್ಷದಿಂದ ದಿನವೂ ಮುಟ್ಟುವ ನನಗೆ
ಯಾರೂ ಹೇಳಿರಲಿಲ್ಲ.