ಗೆಣ್ಣಿನ ಕೆಳಗೆ

ಕದ್ದು ತಂದರೇ ಮನಿಪ್ಲಾಂಟ್ ಹಬ್ಬುವುದಂತೆ.
ಹಾಗೆಂದವರು ಯಾರೋ, ಅವರದನ್ನು ಯಾರು ಕದ್ದರೋ.
ನಾನಂತೂ ಕದ್ದೆ,
ಘಾಟ್ಕೋಪರದ ಮೂರನೇ ಮಾಳಿಗೆಯ ಮೆಟ್ಟಿಲ ತಿರುವಿನಲ್ಲಿ,
ಬೆಳಗಿನ ಆರೂ ಹತ್ತಕ್ಕೆ,
ಉಗುರಿನಿಂದಲೇ ಚಿವುಟಿ.

ಕೆಲಸ ನನ್ನದು ರಕ್ತದ್ದು.
ಬರಿಹೊಟ್ಟೆಯವರ ಬಾಗಿಲು ತಟ್ಟುವುದು,
ತೋಳಿಗೆ ರಬ್ಬರು ಬಿಗಿದು ಎರಡು ಬೆರಳಲ್ಲಿ ತಡವಿ
ನರ ಎಲ್ಲಿದ್ದೀಯಪ್ಪಾ ಎಂದು ಕೇಳುವುದು.
ಕೆಲವರದು ತಾನೇ ಎದ್ದು ಬಂದು ನಿಲ್ಲುತ್ತದೆ,
ಕೆಲವರದು ಸಾಲಗಾರನ ಹಾಗೆ
ಒಳಗಿದ್ದೂ ಮನೆಯಲ್ಲಿಲ್ಲ ಅನ್ನುತ್ತದೆ.
ವೇಲಬಾಯಿ ಗಡಾ, ಎಪ್ಪತ್ತೊಂದು, ಸಕ್ಕರೆ ಮತ್ತು ಕ್ರಿಯಾಟಿನಿನ್:
ಮೂರು ಸಲ ಚುಚ್ಚಿದೆ.
ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ
ಕಚ್ಛಿಯಲ್ಲಿ ಏನೋ ಅಂದರು. ಬೈಗುಳವಲ್ಲ, ಎಣಿಕೆ.
ಇಳಿಯುವಾಗ ಕೈ ತಾನೇ ಹೋಯಿತು ಬಳ್ಳಿಗೆ.

ಐಸ್ ಪೆಟ್ಟಿಗೆಯಲ್ಲಿ
ಬೂದು ಮುಚ್ಚಳ, ನೇರಳೆ ಮುಚ್ಚಳ, ಕೆಂಪು ಮುಚ್ಚಳ,
ನಡುವೆ ಮುಚ್ಚಳವಿಲ್ಲದ ಒಂದು ಹಸಿರು.

ಡೊಂಬಿವಲಿಯ ನಮ್ಮ ಅಡುಗೆಮನೆ ಕಿಟಕಿ ಒಂದೂವರೆ ಅಡಿ.
ಸರಳಿಗೆ ತಂತಿ ಸುತ್ತಿ ಕೆಮ್ಮಿನ ಔಷಧದ ಖಾಲಿ ಬಾಟಲಿ ತೂಗಿಸಿದೆ.
ನಲ್ಲಿ ಬರುವುದು ಸಂಜೆ ಏಳಕ್ಕೆ, ಮುಕ್ಕಾಲು ಗಂಟೆ;
ಹಿಡಿದ ನೀರನ್ನು ಒಂದು ರಾತ್ರಿ ಬಾಯಿ ತೆರೆದು ಇಡಬೇಕು,
ಪಾಲಿಕೆಯ ವಾಸನೆ ಹಾರಿಹೋಗಲಿ ಎಂದು.
ಎಲ್ಲ ಮಾಡಿದೆ.
ಹನ್ನೊಂದನೇ ದಿನ
ನೀರು ಅಕ್ಕಿ ತೊಳೆದ ಹಾಗೆ, ತೊಟ್ಟಿನ ತುದಿ ಲೋಳೆ.
ಕದ್ದದ್ದೇನೋ ಸರಿ, ಚಿವುಟಿದ್ದು ತಪ್ಪು.
ಗೆಣ್ಣು ಅಲ್ಲೇ ಬಳ್ಳಿಯಲ್ಲಿ ಉಳಿದಿತ್ತು,
ನಾನು ತಂದದ್ದು ಬರೀ ಎಲೆ.

ಮುಂದಿನ ತಿಂಗಳು ಹೋದರೆ
ಅದೇ ತಿರುವಿನ ಕುಂಡದಲ್ಲಿ
ಮಣ್ಣಿಗೆ ಚುಚ್ಚಿ ನಿಲ್ಲಿಸಿದ ಒಂದು ಕತ್ತರಿ.
ಬಳ್ಳಿಗೆ ಕೆಂಪು ದಾರ, ಗೆಣ್ಣಿನಿಂದ ಒಂದು ಬೆರಳು ಕೆಳಗೆ.
ಯಾರಿಗೆಂದು ಬರೆದಿಲ್ಲ.
ಒಳಗೆ ವೇಲಬಾಯಿ ತೋಳು ಚಾಚಿ ಕೂತಿದ್ದಾರೆ,
ಮೊದಲೇ ಬಿಸಿನೀರಿನ ಚೀಲ ಒತ್ತಿಕೊಂಡು.
‘ಇಲ್ಲಿ’ ಎಂದರು ಮೊಳಕೈಯ ಒಳಮಗ್ಗುಲಿಗೆ ಬೆರಳಿಟ್ಟು,
‘ಮೇಲೆ ಹುಡುಕಬೇಡ, ಇಲ್ಲಿ.’
ಒಂದೇ ಸಲಕ್ಕೆ ಬಂತು.
ಕತ್ತರಿಯ ಮಾತು ಅವರೂ ಎತ್ತಲಿಲ್ಲ, ನಾನೂ.
‘ವೇಲ’ ಅಂದರೇ ಬಳ್ಳಿ ಅಂತ
ಆಮೇಲೆ, ಲೋಕಲ್‌ನಲ್ಲಿ, ಪಕ್ಕ ಕೂತ ಗುಜರಾತಿ ಹುಡುಗಿ ಹೇಳಿದಳು.

ಒಂಬತ್ತನೇ ದಿನ ಒಂದು ಗುಳ್ಳೆ,
ಹಲ್ಲು ಬರುವ ಮೊದಲಿನ ವಸಡಿನ ಹಾಗೆ.
ಹದಿಮೂರಕ್ಕೆ ಬಿಳಿ ಎಳೆ. ಮಗಳು ಸ್ಕೇಲಿಟ್ಟು ಅಳೆದಳು,
ಗಾಜಿನ ಹೊರಗಿಂದ, ಉಸಿರು ಹಿಡಿದು.

ನೀರಿನ ಬೇರೇ ಬೇರೆ, ಮಣ್ಣಿನ ಬೇರೇ ಬೇರೆ.
ನೀರಲ್ಲಿ ಹುಟ್ಟಿದ್ದನ್ನು ಕುಂಡಕ್ಕೆ ಹಾಕಿದರೆ
ವಾರಗಟ್ಟಲೆ ಮುನಿಯುತ್ತದೆ, ಇದ್ದದ್ದನ್ನು ಕಳೆದು ಹೊಸತು ಹುಡುಕುತ್ತದೆ.
ಹಾಗಾಗಿ ಹಾಕಿಲ್ಲ. ಬಾಟಲಿಗಳೇ ಏಳಾದವು,
ಎರಡು ಬಾಗಿಲಾಚೆ, ಪ್ಯಾಸೇಜಿನಲ್ಲಿ.
ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿ
ಬೇರು, ಬೇರು ಎಂದು ಅರ್ಧ ಗಂಟೆ ಮಾತಾಡಿದರು.
ನಾನು ಹಿಂದಿನ ಸಾಲಿನಲ್ಲಿ ಕೂತು
ಇವತ್ತು ಮೂರನೇ ದಿನವೋ ನಾಲ್ಕನೆಯದೋ,
ನೀರು ಬದಲಿಸಿದೆನೋ ಇಲ್ಲವೋ ಎಂದು
ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದೆ.

ಈಗ ನನ್ನ ಪಟ್ಟಿ ಭಾಂಡುಪಿನದು.
ಘಾಟ್ಕೋಪರಕ್ಕೆ ಹೊಸ ಹುಡುಗ, ತುಷಾರ್.
‘ಆ ಮುದುಕಿಯ ನರ ಸಿಗುವುದೇ ಇಲ್ಲ ತಾಯೀ’ ಅಂದ.
ಮೊಳಕೈ ಒಳಗೆ ನೋಡು ಎಂದೆ.
ಮೆಟ್ಟಿಲಲ್ಲಿ ಕತ್ತರಿ ಇದೆಯಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇವತ್ತು ಬಂದು ನೋಡಿದರೆ
ನಮ್ಮ ಪ್ಯಾಸೇಜಿನ ಬಾಟಲಿಯಲ್ಲಿ ಒಂದು ಎಲೆ ಕಡಿಮೆ.
ಉಗುರಿನ ಗುರುತು. ಗೆಣ್ಣು ಇಲ್ಲೇ ಉಳಿದಿದೆ.
ಪಾಪ,
ಹನ್ನೊಂದು ದಿನ ಕಾಯುತ್ತಾರೆ.