ಹನ್ನೆರಡನೇ ನಂಬರಿನ ಬೂಟು

ತಮ್ಮ ಕ್ಲಿಯೋಟಿಸ್ ಇಂದು ಚರ್ಚಿನ ನೆಲಮಾಳಿಗೆಯಲ್ಲಿ
ಮಡಚು ಕುರ್ಚಿಗಳ ಮುಂದೆ ನಿಂತು ಹೇಳಿದ:
ಸರ್ಕಾರದ ಚೆಕ್ಕು ಕಪ್ಪು ಜನರ ಮನೆ ಮುರಿಯಿತು,
ಗಂಡಸಿನ ಜಾಗದಲ್ಲಿ ಲಕೋಟೆ ಬಂದು ಕೂತಿತು.
ಟೈ ಚೆನ್ನಾಗಿತ್ತು. ದನಿ ಅಪ್ಪನದೇ.
ಪೇಪರಿನ ಬಿಳಿ ಹುಡುಗ ಬರೆದುಕೊಂಡ, ಖುಷಿಯಿಂದ,
ತುಸು ಹೆಚ್ಚೇ ಖುಷಿಯಿಂದ.

ನಾನು ಕೊನೆಯ ಸಾಲಿನಲ್ಲಿ, ಕಾಫಿ ಪಾತ್ರೆಯ ಪಕ್ಕ.
ಅವನಿಗಿಂತ ಆರು ವರ್ಷ ದೊಡ್ಡವಳು.
ಆ ಆರು ವರ್ಷ ಈಗಲೂ ನನ್ನ ಮಂಡಿಗಳಲ್ಲಿವೆ.

ಸೇಂಟ್ ಲೂಯಿಸ್, ಸರ್ಕಾರಿ ವಸತಿ, ಎಂಟನೇ ಮಹಡಿ.
ಬೆಳಗಿನ ಜಾವ ಬಾಗಿಲು ಬಡಿಯುತ್ತದೆ.
ಅಮ್ಮ ಕಣ್ಣಲ್ಲೇ ಹೇಳುತ್ತಾಳೆ: ಬೂಟು.
ಹನ್ನೆರಡನೇ ನಂಬರು, ಉಕ್ಕಿನ ಮೂತಿ,
ಒಂದೊಂದೂ ಒಂದೊಂದು ಬೆಕ್ಕಿನ ಭಾರ.
ಎದೆಗವಚಿಕೊಂಡು ಹಿಂದಿನ ಮೆಟ್ಟಿಲಲ್ಲಿ ಓಡುತ್ತೇನೆ
ಮೇಲಿನ ಮಿಸೆಸ್ ಟಾಲಿವರ್ ಮನೆಗೆ.
ಅಪ್ಪ ಆಗಲೇ ಅಲ್ಲಿ, ಅವಳ ಸ್ನಾನದ ತೊಟ್ಟಿಯೊಳಗೆ
ಬರಿಗಾಲಲ್ಲಿ ಮುದುಡಿ, ಪರದೆ ಎಳೆದುಕೊಂಡು.

ಕೆಳಗೆ ಮಿಸ್ ಹಾಲ್ವರ್ಸನ್ ಹಲ್ಲುಜ್ಜುವ ಬ್ರಷ್ಷು ಎಣಿಸುತ್ತಾಳೆ.
ಹಾಸಿಗೆಯ ಇನ್ನೊಂದು ಬದಿಗೆ ಅಂಗೈ ಇಟ್ಟು ನೋಡುತ್ತಾಳೆ,
ಬಿಸಿ ಇದೆಯೇ ಎಂದು,
ಮಗುವಿನ ಜ್ವರ ನೋಡುವ ಹಾಗೆ.
ಮೈಗಟ್ಟಿ ಇರುವ ಗಂಡಸು ಕಂಡರೆ ಮಕ್ಕಳ ಹಣ ಬಂದ್.

ಎರಕದ ಕಾರ್ಖಾನೆ ಅಪ್ಪನನ್ನು
ಕೊನೆಗೆ ಸೇರಿಸಿಕೊಂಡು ಮೊದಲು ಕಳಿಸಿತ್ತು.
ಯೂನಿಯನ್ ಕಚೇರಿಗೆ ಅವನಿಗಿಂತ ಮುಂಚೆ ಅವನ ಬಣ್ಣ ಹೋಗಿ
ಇಲ್ಲ ಅನ್ನಿಸಿಕೊಂಡು ಬರುತ್ತಿತ್ತು.
ಬ್ಯಾಂಕಿನವರ ನಕ್ಷೆಯಲ್ಲಿ ನಮ್ಮ ಬೀದಿಗಳ ಸುತ್ತ ಕೆಂಪು ಗೆರೆ.
ಇಷ್ಟೆಲ್ಲ ಆದಮೇಲೆ ಕಚೇರಿಯ ಕಣ್ಣಿಗೆ ಬಿದ್ದದ್ದು ಬೂಟು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಇದನ್ನೇ ಹೇಳಬೇಕೆಂದು ಎದ್ದೆ:
ಹಾಲು ಕೊಟ್ಟದ್ದು ತಪ್ಪಲ್ಲ ಕ್ಲಿಯೋ,
ಆ ಹಾಲು ಕುಡಿದೇ ನಿನಗೆ ಈ ಹಲ್ಲು ಬಂದದ್ದು.
ಲೋಟದ ಬೆಲೆಗೆ ಅಪ್ಪನನ್ನು ಕೇಳಿದರಲ್ಲ, ಅದು.
ಎದ್ದವಳು ಒಂದಿಷ್ಟು ಕಾಫಿ ಬಗ್ಗಿಸಿಕೊಂಡು ಕೂತೆ.

ಯಾಕೆಂದರೆ ಆ ನಿಯಮ ಬಿದ್ದ ವರ್ಷ
ಅಮ್ಮ ನನ್ನ ಕೈಯಲ್ಲಿ ಟೊಲೀಡೊಗೆ ಕಾಗದ ಬರೆಸಿದಳು:
ಈಗ ಬರಬಹುದಂತೆ. ಯಾರೂ ಎಣಿಸುವುದಿಲ್ಲವಂತೆ.
ಬಂದ. ಸೋಫಾದ ತುದಿಯಲ್ಲಿ ಕೋಟು ಬಿಚ್ಚದೆ ಕೂತು,
ಹೊರಗೆ ಲಿಫ್ಟು ಕಿರುಗುಟ್ಟಿದಾಗೆಲ್ಲ ಬಾಗಿಲು ನೋಡುತ್ತ,
ಹುರಿದ ಮೀನು ತಿಂದ.
ಏಳು ವರ್ಷದ ಕ್ಲಿಯೋ ನನ್ನ ಕಿವಿಯಲ್ಲಿ ಕೇಳಿದ:
ಈ ಮಾಮ ಎಷ್ಟು ದಿನ ಇರ್ತಾರೆ?

ಅಮ್ಮ ಬೂಟನ್ನು ಹೊಸ್ತಿಲ ಬಳಿಯೇ
ಎಲ್ಲರಿಗೂ ಕಾಣುವ ಹಾಗೆ,
ಮೂತಿ ಒಳಮುಖ ಮಾಡಿ ಇಟ್ಟು ಮಲಗಿದಳು.
ಬೆಳಿಗ್ಗೆ ಇರಲಿಲ್ಲ.

ಟೊಲೀಡೊದಲ್ಲಿ ಇನ್ನೊಬ್ಬಳಿದ್ದಳು ಅನ್ನುತ್ತಾರೆ. ಇರಬಹುದು.
ವರ್ಷಗಟ್ಟಲೆ ತೊಟ್ಟಿಯಲ್ಲಿ ಅಡಗಿದವನಿಗೆ
ಮನೆಯೆಂದರೆ ಸಿಕ್ಕಿಬೀಳುವ ಜಾಗ ಅನ್ನಿಸಿರಬಹುದು.
ಮೊದಲನೆಯದು ನನ್ನ ರಾಜಕೀಯಕ್ಕೆ ಒಗ್ಗುವುದಿಲ್ಲ,
ಎರಡನೆಯದು ತಮ್ಮನ ರಾಜಕೀಯಕ್ಕೆ.
ಅಮ್ಮ ಎರಡನ್ನೂ ಹೇಳದೆ
ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು.

ರಾತ್ರಿ ನನ್ನನ್ನು ಮನೆಗೆ ಬಿಡಲು ಬಂದ ಕ್ಲಿಯೋ
ಊಟಕ್ಕೆ ನಿಂತ. ಎರಡು ಮದುವೆ ಮುರಿದವನು,
ತನ್ನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.
ಭಾಷಣ ಹೇಗಿತ್ತು ಅಂದ. ದನಿ ಚೆನ್ನಾಗಿತ್ತು ಅಂದೆ.
ಶೂ ಬಿಚ್ಚಿದವನು ಬಾಗಿಲ ಬಳಿ ಬಿಡಲಿಲ್ಲ.
ಯಾವತ್ತೂ ಬಿಡುವುದಿಲ್ಲ.
ಕಪಾಟು ತೆಗೆದು, ಕೋಟುಗಳ ಹಿಂದೆ,
ಗೋಡೆಗೆ ಒತ್ತಿ ಇಟ್ಟ.
ಯಾಕೋ ಅಲ್ಲಿ, ಅಂದೆ.
ಅಭ್ಯಾಸ, ಅಂದ.

ಅವನದು ಹತ್ತೂವರೆ ನಂಬರು.